ಮೊದಲ ಬಟ್ಟಲು

ಸೋಪನ್ನು ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದುಕೊಂಡ. ಏನೂ ಇಲ್ಲ. ಒದ್ದೆ ಸೋಪಿನ ತಂಪು ಮಾತ್ರ ಮೂಗಿನೊಳಗೆ ಹೋಗಿ ಬಂತು. ಬಚ್ಚಲಿನ ಬಾಗಿಲು ಹಾಕಿಕೊಂಡು ಅವನು ದಿನವೂ ಮಾಡುವ ಈ ಪರೀಕ್ಷೆಯನ್ನು ಯಾರಾದರೂ ಕಂಡರೆ ಅರವತ್ತಕ್ಕೆ ಅರಳುಮರಳು ಎಂದರೆ ಇದೇ ಎಂದು ನಕ್ಕಾರು. ನಾಲ್ಕು ತಿಂಗಳ ಹಿಂದೆ ಬಂದ ಜ್ವರ ಆರು ದಿನದಲ್ಲಿ ಬಿಟ್ಟಿತ್ತು, ಬಿಡುವಾಗ ಮೂಗು ನಾಲಿಗೆ ಎರಡನ್ನೂ ಹೊತ್ತುಕೊಂಡು ಹೋಗಿತ್ತು. ಬಿಸಿ, ತಣ್ಣಗೆ, ಖಾರದ ಚುರುಕು, ಇಷ್ಟು ಉಳಿದಿತ್ತು. ಕೆಲವರಿಗೆ ಹೀಗಾಗುತ್ತೆ, ಬಂದರೂ ಬರಬಹುದು ಎಂದಿದ್ದರು ಡಾಕ್ಟರು, ಮುಂದಿನ ರೋಗಿಯ ಚೀಟಿ ನೋಡುತ್ತ. ಹೆಂಡತಿಗೆ ಹೇಳಿರಲಿಲ್ಲ. ಮೊನ್ನೆ ಒಲೆಯ ಮೇಲೆ ಹಾಲು ಸೀದು ಕರಿಯಾಗುವವರೆಗೂ ಅವನು ಎರಡು ಮಾರು ದೂರದಲ್ಲಿ ಪೇಪರ್ ಓದುತ್ತ ಕೂತಿದ್ದ. ಅವಳು ಹೊರಗಿನಿಂದ ಓಡಿ ಬಂದವಳು ಪಾತ್ರೆಯನ್ನು ನೋಡಲಿಲ್ಲ, ಅವನನ್ನೇ ನೋಡಿದಳು. ಶೀತ ಆಗಿದೆ ಎಂದ. ನಾಲ್ಕು ತಿಂಗಳಿನಿಂದ ಶೀತವೇ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಅವನಿಗೆ ಈಗ ಅನಿಸಿತು. ಮುಖ ಒರೆಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹನ್ನೊಂದಕ್ಕೆ ಸರಿಯಾಗಿ ಮನೆ ಬಿಟ್ಟ.

ಹನ್ನೊಂದೂವರೆಗೆ ಸೌಟಣ್ಣನ ಹೋಟೆಲಿನಲ್ಲಿ ಇರಲೇಬೇಕು. ಅವನಿಗಾಗಿ ಅಲ್ಲಿ ಎಲ್ಲರೂ ಕಾಯುತ್ತಿರುತ್ತಾರೆ. ಈ ಮಾತನ್ನು ಅವನು ಯಾರೆದುರೂ ಆಡಿದವನಲ್ಲ, ಆದರೆ ನಡೆಯುವಾಗ ಪ್ರತಿದಿನವೂ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಮೂವತ್ತು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದವನು ಅವನು. ಊರಿಗೆಲ್ಲ ಕರಡು ಸಾರ್. ಪ್ರೆಸ್ಸಿನ ಎದುರಿಗಿದ್ದ ಹೋಟೆಲಿನಲ್ಲಿ ಒಂದು ಮಧ್ಯಾಹ್ನ ಮೀನಿನ ಸೂಪು ಕುಡಿದು, ಇವತ್ತು ಮೆಣಸನ್ನು ಕುದಿಯುವಾಗ ಹಾಕಿದ್ದೀರಿ, ದಿನಾ ಇಳಿಸಿದ ಮೇಲೆ ಹಾಕ್ತಿದ್ರಿ ಎಂದಿದ್ದ. ಕೈಯಲ್ಲಿ ಸೌಟು ಹಿಡಿದೇ ಒಳಗಿನಿಂದ ಬಂದ ಅಡುಗೆಯಾತ, ಆ ಸೌಟಿನಿಂದಲೇ ಅವನಿಗೆ ಹೊಡೆದುಬಿಡುತ್ತಾನೇನೋ ಎಂಬಂತೆ ನಿಂತಿದ್ದು, ಆಮೇಲೆ ಗಹಗಹಿಸಿ ನಕ್ಕಿದ್ದ. ಅವತ್ತಿನಿಂದ ಒಂದು ಪದ್ಧತಿ ಬೆಳೆಯಿತು. ಬಾಗಿಲು ತೆರೆಯುವ ಮೊದಲು ಮೊದಲ ಬಟ್ಟಲು ಕರಡು ಸಾರ್‌ಗೆ. ಅವರು ಸರಿ ಎಂದ ಮೇಲೆಯೇ ಮುಂಬಾಗಿಲಿನ ‘ಮುಚ್ಚಿದೆ’ ಎಂಬ ಹಲಗೆ ತಿರುಗಬೇಕು. ಮಾಡಿದವನ ನಾಲಿಗೆ ಮಾಡಿದ್ದನ್ನು ಹೊಗಳುತ್ತೆ ಸಾರ್, ಹೊರಗಿನ ನಾಲಿಗೆ ಬೇಕು ಎನ್ನುತ್ತಿದ್ದ ಸೌಟಣ್ಣ. ಪ್ರೆಸ್ಸು ಮುಚ್ಚಿತು. ಪಕ್ಕದ ಬ್ರೆಡ್ಡಿನ ಅಂಗಡಿ ಔಷಧಿ ಅಂಗಡಿಯಾಯಿತು. ನಿಂತೇ ತಿನ್ನಬೇಕಾಗಿದ್ದ ಆ ಸಂದಿಯ ಹೋಟೆಲು, ಚಿತ್ರಮಂದಿರದ ಹಿಂದಿನ ಮುದುಕಿಯ ನಾಲ್ಕು ಸ್ಟೂಲಿನ ಅಂಗಡಿ, ಅವನೂ ಮಗಳೂ ಶನಿವಾರಗಳಂದು ಹುಡುಕಿ ಹುಡುಕಿ ತಿಂದ ಒಂದೊಂದು ಜಾಗವೂ ಫೋನಿನ ಅಂಗಡಿಯೋ ಬೀಗ ಹಾಕಿದ ಗೋದಾಮೋ ಆಗಿತ್ತು. ಉಳಿದದ್ದು ಇದೊಂದು. ಊರಿನಲ್ಲಿ ತನ್ನ ಮಾತು ನಡೆಯುವುದು ಇದೊಂದೇ ಕಡೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅರ್ಧ ತೆರೆದ ಬಾಗಿಲಿನಲ್ಲಿ ತಲೆ ತಗ್ಗಿಸಿ ಒಳಗೆ ಹೋದ. ಮೇಜುಗಳನ್ನು ಒರೆಸುತ್ತಿದ್ದ ಬಡಿಸುವ ಅಕ್ಕ, “ಬನ್ನಿ ಸಾರ್, ರಾತ್ರಿಯೆಲ್ಲ ಕರೆಂಟಿಲ್ಲ, ಬೆಳಿಗ್ಗೆ ಬಂದ್ರೆ ಇಲ್ಲೆಲ್ಲ ನೀರೋ ನೀರು. ಐಸ್ ಪೆಟ್ಟಿಗೇದು” ಎಂದು ಗೊಣಗಿದಳು. ಅವನು ಹೂಂ ಎಂದ. ಸೌಟಣ್ಣ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ತಂದು ಇಟ್ಟು, ಎದುರು ನಿಂತ. ಈಗೀಗ ಈತ ಹೀಗೆ ಎದುರೇ ನಿಲ್ಲುತ್ತಾನೆ, ಮೊದಲೆಲ್ಲ ಒಳಗಿನಿಂದಲೇ ಹೇಗಿದೆ ಎಂದು ಕೂಗುತ್ತಿದ್ದ. ವಯಸ್ಸಾದ ಹಾಗೆ ಗೌರವ ಹೆಚ್ಚಿತು ಎಂದುಕೊಂಡಿದ್ದ ಅವನು. ಚಮಚ ಬಾಯಿಗಿಟ್ಟ. ಬಿಸಿ. ಮೆಣಸಿನ ಚುರುಕು. ನುಣ್ಣಗಿನದೇನೋ ನಾಲಿಗೆಯ ಮೇಲೆ ಜಾರಿತು, ಮೀನಿರಬೇಕು. ಈ ನಾಲ್ಕು ತಿಂಗಳಲ್ಲಿ ಅವನು ಒಂದು ಅಭಿನಯವನ್ನು ರೂಢಿಸಿಕೊಂಡಿದ್ದ. ಮೊದಲ ಚಮಚಕ್ಕೆ ಕಣ್ಣು ಮುಚ್ಚಬೇಕು, ಎರಡನೆಯದಕ್ಕೆ ಸೂರು ನೋಡಬೇಕು, ಮೂರನೆಯದಾದ ಮೇಲೆ ಮಾತು. ಸುಮ್ಮನೆ ಸರಿ ಎಂದರೆ ಸಾಲದು. ಪ್ರೆಸ್ಸಿನಲ್ಲಿ ಕಲಿತ ಪಾಠ ಅದು. ಒಂದೂ ಗುರುತಿಲ್ಲದೆ ಹಾಳೆ ವಾಪಸು ಹೋದರೆ ಈತ ಓದೇ ಇಲ್ಲ, ನಿದ್ದೆ ಹೊಡೆದಿದ್ದಾನೆ ಎಂದುಕೊಳ್ಳುತ್ತಿದ್ದ ಮ್ಯಾನೇಜರ್. ಅದಕ್ಕೇ ತಪ್ಪಿಲ್ಲದ ಹಾಳೆಯಲ್ಲೂ ಎಲ್ಲಾದರೂ ಒಂದು ಅಲ್ಪವಿರಾಮ ಸೇರಿಸಿ ಕಳಿಸುತ್ತಿದ್ದ.

“ಉಪ್ಪು ಒಂದು ಹರಳು ಕಡಿಮೆ,” ಎಂದ. “ಮಿಕ್ಕಿದ್ದೆಲ್ಲ ಸರಿ.”

“ಸರಿ ತಾನೇ ಸಾರ್?”

“ಸರಿ ಅಂದ್ನಲ್ಲಪ್ಪ.”

ಸೌಟಣ್ಣ ಉಸಿರು ಬಿಟ್ಟು, ಒಳಗೆ ಹೋಗಿ ಒಂದು ಹರಳು ಉಪ್ಪು ಹಾಕಿ ಬಂದ. ಅಕ್ಕ ಮುಂಬಾಗಿಲಿಗೆ ಹೋಗಿ ಹಲಗೆ ತಿರುಗಿಸಿದಳು. ಆಗಲೇ ಅವನ ಜೇಬಿನಲ್ಲಿ ಫೋನು ಅಲುಗಿತು. ಮಗಳು.

“ಅಪ್ಪಾ, ಸೌಟಣ್ಣನ ಹೋಟೆಲಲ್ಲಿದ್ದೀಯಾ? ಅಲ್ಲೇ ಇರು, ಬರ್ತಿದ್ದೀನಿ. ನಗಬೇಡ. ಬೆಳಿಗ್ಗೆ ಎದ್ದಾಗಿಂದ ಆ ಸೂಪು ಬೇಕು ಅಂತ ಒಂದೇ ಸಮ ಅನ್ಸ್ತಿದೆ. ಆರು ತಿಂಗಳಾಯ್ತು, ಏನನ್ನಾದ್ರೂ ತಿನ್ಬೇಕು ಅಂತ ಅನ್ನಿಸಿದ್ದು ಇದೇ ಮೊದಲು.”

ಬಾ ಬಾ ಎಂದ, ಖುಷಿಯಿಂದಲೇ ಎಂದ. ಅವಳಿಗೆ ಎರಡು ಸಲ ಬಸಿರು ನಿಂತದ್ದು ಉಳಿದಿರಲಿಲ್ಲ. ಎರಡನೆಯ ಸಲ ಆಸ್ಪತ್ರೆಯ ಕಾರಿಡಾರಿನಲ್ಲಿ ಅಳಿಯ ಗೋಡೆಗೆ ಹಣೆ ಒತ್ತಿ ನಿಂತಿದ್ದಾಗ ತನಗೆ ಒಂದು ಸಮಾಧಾನದ ಮಾತೂ ಹೊಳೆಯದೆ, ಕ್ಯಾಂಟೀನಿನಲ್ಲಿ ಏನಾದರೂ ತರಲಾ ಎಂದು ಕೇಳಿದ್ದ. ಆ ನಾಚಿಕೆ ಇನ್ನೂ ಹಸಿಯಾಗಿತ್ತು. ಇದು ಮೂರನೆಯದು, ಏಳನೇ ತಿಂಗಳಿಗೆ ಕಾಲಿಟ್ಟಿತ್ತು. ಮನೆಯಲ್ಲಿ ಯಾರೂ ಜೋರಾಗಿ ಬಾಗಿಲು ಕೂಡ ಹಾಕುತ್ತಿರಲಿಲ್ಲ. ಹೀಗೆ ಯೋಚಿಸುತ್ತ ಅವನು ತನ್ನ ಮಾಮೂಲಿ ಜಾಗದಲ್ಲಿ, ಗೋಡೆಗೆ ಒರಗಿ ಕೂತಿದ್ದ. ಅಲ್ಲಿಂದ ಅಡುಗೆಮನೆ ದಾಟಿ ಹಿಂಬಾಗಿಲಿನ ಮೆಟ್ಟಿಲವರೆಗೂ ಕಾಣುತ್ತಿತ್ತು. ಅಕ್ಕ ಮೀನಿನ ತಲೆಗಳನ್ನು ತಟ್ಟೆಯಲ್ಲಿ ತಂದು ಮೆಟ್ಟಿಲ ಮೇಲೆ ಸುರಿದಳು. ಹೋಟೆಲಿನ ಬೆಕ್ಕು, ಹೊಟ್ಟೆಬಾಕ ಬೆಕ್ಕು, ಬಾಲ ಎತ್ತಿಕೊಂಡು ಬಂತು. ಮೂಗು ಚಾಚಿತು. ಒಂದು ತಲೆಯನ್ನು ಕಾಲಿನಿಂದ ಒಮ್ಮೆ ದೂಡಿತು. ಆಮೇಲೆ ತಿರುಗಿ, ಏನೂ ಅವಸರವಿಲ್ಲದೆ, ಗೋಡೆ ಹತ್ತಿ ಹೋಯಿತು.

ಬೆಕ್ಕಿಗೆ ಹೊಟ್ಟೆ ತುಂಬಿರಬಹುದು ಎಂದುಕೊಂಡ. ಈ ಬೆಕ್ಕಿಗೆ ಹೊಟ್ಟೆ ತುಂಬಿದ್ದನ್ನು ಅವನು ಒಂದು ದಿನವೂ ಕಂಡಿರಲಿಲ್ಲ. ರಾತ್ರಿಯೆಲ್ಲ ಕರೆಂಟಿಲ್ಲ ಎಂದಳಲ್ಲ ಇವಳು. ನೀರೋ ನೀರು ಎಂದಳು. ಐಸು ಕರಗಿ ಎಷ್ಟು ಹೊತ್ತಾಗಿತ್ತೋ. ಅಕ್ಕ ಪಕ್ಕದಲ್ಲಿ ಹಾದಾಗ, ಹಗುರಾಗಿ ಕೇಳಿದಂತೆ ಕೇಳಿದ, “ಏನಕ್ಕ, ಮೀನು ಹೇಗಿತ್ತು ಇವತ್ತು?”

“ನನ್ನನ್ನ ಕೇಳ್ತೀರಾ ಸಾರ್? ನಾನು ಮೀನು ತಿನ್ನೋಳಲ್ಲ. ನನಗೆ ತಾಜಾ ಮೀನೂ ನಾತಾನೇ, ಕೊಳೆತದ್ದೂ ನಾತಾನೇ. ನೀವಿದ್ದೀರಲ್ಲ.”

ಬಾಗಿಲು ತೆರೆದು ಮುಚ್ಚಿ ತೆರೆದು ಜನ ಬರತೊಡಗಿದರು. ಬ್ಯಾಂಕಿನ ಮೂವರು, ಗಡಿಯಾರ ರಿಪೇರಿಯವನು, ದಿನವೂ ಒಬ್ಬಳೇ ಬಂದು ಕಿಟಕಿಯ ಪಕ್ಕ ಕೂರುವ ನಿವೃತ್ತ ಟೀಚರು, ಪರೀಕ್ಷೆ ಮುಗಿಸಿದ ಕಾಲೇಜಿನವರ ಒಂದು ಗುಂಪು. ನೋಡನೋಡುತ್ತಿದ್ದಂತೆ ಎಲ್ಲ ಮೇಜಿನ ಮೇಲೂ ಬಿಳಿ ಬಟ್ಟಲು, ಪಕ್ಕದಲ್ಲಿ ಬ್ರೆಡ್ಡು, ಅರ್ಧ ನಿಂಬೆಹಣ್ಣು. ಅವನು ಮುಖಗಳನ್ನು ಓದತೊಡಗಿದ. ಬ್ಯಾಂಕಿನವರು ಮಾತಿನ ಭರದಲ್ಲಿ ಏನು ತಿನ್ನುತ್ತಿದ್ದಾರೆಂದೇ ನೋಡುತ್ತಿರಲಿಲ್ಲ. ಟೀಚರು ಒಂದು ಚಮಚ ಕುಡಿದು, ಚಮಚವನ್ನು ಮೂಗಿನ ಹತ್ತಿರ ತಂದು, ತಡೆದರು.

“ಅಕ್ಕ, ಇವತ್ತು ಯಾಕೋ ಬೇರೆ ಥರ ಇದೆಯಲ್ಲ?”

“ಕರಡು ಸಾರ್ ನೋಡಿ ಆಗಿದೆ ಟೀಚರ್. ಉಪ್ಪು ಒಂದು ಹರಳು ಹಾಕಿಸಿದ್ರು.”

“ಓ, ಹಾಗಾದ್ರೆ ನಂದೇ ಇರ್ಬೇಕು,” ಎಂದು ಟೀಚರು ಅವನತ್ತ ತಿರುಗಿ ಸಂಕೋಚದಿಂದ ನಕ್ಕು, ಇಡೀ ನಿಂಬೆಯನ್ನು ಹಿಂಡಿ ಕುಡಿದರು. ಅವನೂ ನಕ್ಕ. ನಕ್ಕದ್ದು ತಾನೇ ಎಂಬುದು ಅವನಿಗೆ ನಂಬಿಕೆಯಾಗಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಇಲ್ಲಿ ಕಳ್ಳ ಎಂದು ಕೂಗುವವರು ಯಾರೂ ಇಲ್ಲ, ಎಲ್ಲರೂ ತಮ್ಮ ತಮ್ಮ ಹೆಗಲನ್ನೇ ಮುಟ್ಟಿ ನೋಡಿಕೊಳ್ಳುತ್ತಿದ್ದಾರೆ. ಎದ್ದ. ಈಗಲೇ ಹೇಳಿಬಿಡುತ್ತೇನೆ, ಮಗಳು ಬರುವ ಮೊದಲು, ಸೌಟಣ್ಣನ ಕಿವಿಯಲ್ಲಷ್ಟೇ. ಅಡುಗೆಮನೆಯ ಕಿಂಡಿಯವರೆಗೂ ಹೋದ. ಉಗಿಯ ನಡುವೆ ಸೌಟಣ್ಣನ ಮುಖ ಅರಳಿತು.

“ಮಗಳು ಬರ್ತಾಳಂತಲ್ಲ ಸಾರ್! ನೀವು ಫೋನಲ್ಲಿ ಮಾತಾಡಿದ್ದು ಕೇಳಿಸ್ತು. ದೊಡ್ಡ ತುಂಡು ತೆಗ್ದಿಟ್ಟಿದ್ದೀನಿ. ಇಷ್ಟೇ ಇಷ್ಟು ಇದ್ದಾಗಿಂದ ನಮ್ಮ ಸೂಪು ಕುಡಿದು ಬೆಳೆದ ಹುಡುಗಿ. ಈಗ ಹೊಟ್ಟೇಲಿರೋದಕ್ಕೂ ನಮ್ಮದೇ ರುಚಿ ಹತ್ತಬೇಕು.”

ಬಾಯಿ ತೆರೆದ. ಅನುಮಾನವಷ್ಟೇ ತಾನೇ, ಒಂದು ಬೆಕ್ಕಿನ ಮಾತು ಕಟ್ಟಿಕೊಂಡು ಮೂವತ್ತು ವರ್ಷದ ಹೆಸರು ಹಾಳುಮಾಡುವುದೇ? ಯಾರ ಹೆಸರು ಎಂದು ಅವನ ಒಳಗೇ ಯಾರೋ ಕೇಳಿದರು. “ನಿಂಬೆ ಸ್ವಲ್ಪ ಜಾಸ್ತಿ ಇಡಿ,” ಎಂದು ಹೇಳಿ ವಾಪಸು ಬಂದು ಕೂತ.

ಮಗಳು ಬಂದಳು. ಒಂದು ಕೈ ಸೊಂಟದ ಮೇಲೆ, ಇನ್ನೊಂದರಲ್ಲಿ ಚೀಲ, ಹಣೆಯಲ್ಲಿ ಬೆವರು. ಕುರ್ಚಿಯನ್ನು ಹಿಂದಕ್ಕೆಳೆದು ನಿಧಾನಕ್ಕೆ ಕೂತು ಸುತ್ತ ನೋಡಿದಳು. “ಏನೂ ಬದಲಾಗಿಲ್ಲ,” ಎಂದು ಸಂತೋಷಪಟ್ಟಳು. ಒಂಬತ್ತು ವರ್ಷದವಳಿದ್ದಾಗ ಅವಳು ಇದೇ ಮೇಜಿನಲ್ಲಿ ಕಾಲು ನೆಲಕ್ಕೆ ಎಟುಕದೆ ಕೂತು, ಕಣ್ಣು ಮುಚ್ಚಿ, ಅಪ್ಪ ಕೊಟ್ಟ ಚಮಚದಲ್ಲಿ ಏನೇನಿದೆ ಹೇಳುವ ಆಟ ಆಡುತ್ತಿದ್ದಳು. ತಪ್ಪು ಹೇಳಿದರೆ ಬ್ರೆಡ್ಡಿನ ಅಂಚು ಅಪ್ಪನಿಗೆ. ಒಂದು ಸಲ ಸ್ಟೇಷನ್ನಿನ ಹತ್ತಿರದ ಅಂಗಡಿಯಲ್ಲಿ ಅವಳು ಬಾಯಿಗಿಡುತ್ತಿದ್ದುದನ್ನು ಅವನು ತಟ್ಟೆ ಸಮೇತ ಕಿತ್ತುಕೊಂಡು ಚರಂಡಿಗೆ ಸುರಿದಿದ್ದ. ಅವಳು ರಸ್ತೆಯಲ್ಲೇ ರಂಪ ಮಾಡಿದ್ದಳು. ಮಾರನೆಯ ದಿನ ಆ ಅಂಗಡಿಯಲ್ಲಿ ತಿಂದ ಎಂಟು ಜನ ಆಸ್ಪತ್ರೆ ಸೇರಿದ್ದು ಪೇಪರಿನಲ್ಲಿ ಬಂದಾಗ, ಆ ಸುದ್ದಿಯ ಕರಡನ್ನು ತಿದ್ದಿದವನೂ ಅವನೇ. ಅವಳು ಆ ತುಂಡನ್ನು ಕತ್ತರಿಸಿ ಶಾಲೆಗೆ ಒಯ್ದು ಎಲ್ಲರಿಗೂ ತೋರಿಸಿದ್ದಳು, ನಮ್ಮಪ್ಪನಿಗೆ ಮೊದಲೇ ಗೊತ್ತಿತ್ತು ಎಂದು. “ಯಾಕಪ್ಪ ಹೀಗೆ ನೋಡ್ತಿದ್ದೀಯ?” ಎಂದಳು. ಬಟ್ಟಲು ಆಗಲೇ ಅವಳ ಮುಂದಿತ್ತು.

ಅವಳು ತಿನ್ನತೊಡಗಿದಳು. ಮೊದಲು ಆಸೆಯಿಂದ, ಆಮೇಲೆ ನಿಧಾನವಾಗಿ. ಒಂದು ಸಲ ನಿಲ್ಲಿಸಿ, ಬಾಯಲ್ಲಿದ್ದದ್ದನ್ನು ಕೆನ್ನೆಯಲ್ಲಿಟ್ಟುಕೊಂಡು ಅವನತ್ತ ನೋಡಿದಳು.

“ನೀನು ತಿಂದ್ಯಾ ಅಪ್ಪ?”

“ಮೊದಲ ಬಟ್ಟಲು ನಂದೇ ಅಲ್ವಾ.”

“ಹೌದಲ್ಲ.” ನುಂಗಿದಳು. “ಏನೋ ಒಂದು ವಾಸನೆ. ಬಿಡು, ನನ್ನ ಮೂಗಿನ ಕಥೆ ಕೇಳ್ಬೇಡ. ಮೊನ್ನೆ ಹೊಸ ಟವೆಲ್ಲು ಕೊಳೆತ ಹಾಗೆ ವಾಸನೆ ಅಂತ ಎಸೆದುಬಿಟ್ಟೆ, ಅವರು ಬಿದ್ದು ಬಿದ್ದು ನಕ್ಕರು. ನೀನು ಸರಿ ಅಂದ ಮೇಲೆ ಸರಿ. ಏನಾದ್ರೂ ಹೊಟ್ಟೆಗೆ ಹೋಗ್ಲೇಬೇಕು ಅಂದಿದ್ದಾರೆ ಡಾಕ್ಟರು.”

ಮತ್ತೆ ಚಮಚ ಮುಳುಗಿಸಿದಳು. ಔಷಧಿ ಕುಡಿಯುವವರ ಮುಖ ಮಾಡಿಕೊಂಡು, ನುಂಗಿ, ಮತ್ತೆ ಮುಳುಗಿಸಿದಳು. ಹೇಳು, ಹೇಳು ಎಂದು ಎದೆ ಬಡಿದುಕೊಳ್ಳುತ್ತಿತ್ತು. ಹೇಳಿದರೆ ಇವಳು ಏನೆಂದಾಳು, ಟೀಚರು ಏನೆಂದಾರು, ನಾಳೆ ಹನ್ನೊಂದಕ್ಕೆ ಮನೆಯಿಂದ ಎಲ್ಲಿಗೆ ಹೊರಡುವುದು. ಮೀನು ಚೆನ್ನಾಗಿಯೇ ಇದ್ದರೆ? ಇವಳ ಮೂಗೇ ಕೆಟ್ಟಿದ್ದರೆ? ಕೊನೆಗೆ ಅವನು ಮಾಡಿದ್ದು ಅವನಿಗೇ ಗೊತ್ತಿಲ್ಲದಂತೆ ಆದದ್ದು. ಕೈ ಚಾಚಿ ಅವಳ ಬಟ್ಟಲನ್ನು ತನ್ನತ್ತ ಎಳೆದುಕೊಂಡು, ಬಗ್ಗಿ, ಗಬಗಬನೆ ತಿನ್ನತೊಡಗಿದ. ಚಮಚ ಸಾಲದೆ ಬಟ್ಟಲನ್ನೇ ಎತ್ತಿ ಬಾಯಿಗಿಟ್ಟ. ಗಲ್ಲದಿಂದ ಅಂಗಿಯ ಮೇಲೆ ಇಳಿಯಿತು. ಮಾತಿಲ್ಲದೆ ಕೆಲಸ ಮುಗಿಯುವುದಾದರೆ ಹೀಗೇ ಮುಗಿಯಲಿ, ಇವಳ ಪಾಲಿನದೂ ತನ್ನ ಹೊಟ್ಟೆಗೇ ಹೋಗಲಿ.

“ಅಪ್ಪಾ!” ಮಗಳು ಬೆರಗಿನಿಂದ ನಕ್ಕುಬಿಟ್ಟಳು. “ಇದೇನು, ಮಗೂದನ್ನೂ ಬಿಡಲ್ವಾ?”

ಕಿಂಡಿಯಿಂದ ಸೌಟಣ್ಣ ನೋಡುತ್ತಿದ್ದ. “ನೋಡ್ರಪ್ಪ ನೋಡಿ!” ಎಂದು ಇಡೀ ಹೋಟೆಲಿಗೆ ಕೇಳುವಂತೆ ಕೂಗಿದ. “ಮೂವತ್ತು ವರ್ಷದಲ್ಲಿ ಸಾರ್ ಎರಡನೇ ಬಟ್ಟಲು ಮುಟ್ಟಿದವರಲ್ಲ. ಇವತ್ತು ಮಗಳ ಕೈಯಿಂದ ಕಿತ್ಕೊಂಡು ತಿಂತಿದ್ದಾರೆ!” ಜನ ನಕ್ಕರು. ಕಾಲೇಜಿನ ಗುಂಪಿನಿಂದ ಯಾರೋ ಇನ್ನೆರಡು ಬಟ್ಟಲು ಹೇಳಿದರು. ಬ್ಯಾಂಕಿನವರು ಆಗಷ್ಟೇ ತಮ್ಮ ಬಟ್ಟಲುಗಳತ್ತ ನೋಡಿ, ಹೌದಲ್ಲ ಎಂಬಂತೆ ತಿನ್ನತೊಡಗಿದರು. ಅಕ್ಕ ಓಡುತ್ತ ಬಂದು ಮಗಳ ಮುಂದೆ ಹೊಸ ಬಟ್ಟಲು ಇಟ್ಟಳು, ಮೊದಲಿನದಕ್ಕಿಂತ ತುಂಬಿ.

ಮಗಳು ಚಮಚ ಎತ್ತಿಕೊಂಡಾಗ ಅವನು ಅವಳ ಮಣಿಕಟ್ಟು ಹಿಡಿದ.

“ಬೇಡ ಪುಟ್ಟಿ. ತಿನ್ಬೇಡ.”

“ಯಾಕಪ್ಪ?”

“ಹಳಸಿರಬಹುದು.”

“ನೀನು ಈಗ ತಿಂದ್ಯಲ್ಲ? ಬೆಳಿಗ್ಗೆ ನೋಡಿದ್ಯಲ್ಲ?”

“ನನಗೆ ಗೊತ್ತಾಗಲ್ಲ ಪುಟ್ಟಿ. ವಾಸನೆ ಇಲ್ಲ, ರುಚಿ ಇಲ್ಲ. ಆ ಜ್ವರದಿಂದ.”

ಅವಳ ನಗು ಪೂರ್ತಿ ಹೋಗಲು ಹೊತ್ತು ಹಿಡಿಯಿತು. ಚಮಚವನ್ನು ಸದ್ದಿಲ್ಲದೆ ಕೆಳಗಿಟ್ಟಳು. ಬೈಯಲಿಲ್ಲ. ಬಗ್ಗಿ ಬಟ್ಟಲನ್ನು ಮೂಸಿದಳು, ಈ ಸಲ ತನ್ನ ಮೂಗಿನ ಮಾತನ್ನೇ ಕೇಳುತ್ತ, ಮತ್ತು ಮುಖ ಹಿಂದಕ್ಕೆಳೆದುಕೊಂಡಳು. ಆಮೇಲೆ ಮೇಜು ಹಿಡಿದು ಎದ್ದು ನಿಂತು, ಅವನು ಅವಳ ಬಾಯಲ್ಲಿ ಎಂದೂ ಕೇಳದ ದನಿಯಲ್ಲಿ ಹೇಳಿದಳು, “ಯಾರೂ ತಿನ್ಬೇಡಿ. ಈ ಮೀನು ಕೆಟ್ಟಿದೆ.”

ಚಮಚಗಳ ಸದ್ದು ನಿಂತಿತು. ಒಂದು ಕ್ಷಣ ಎಲ್ಲರೂ ಅವಳನ್ನು ನೋಡಿದರು, ಅವಳ ಹೊಟ್ಟೆಯನ್ನು ನೋಡಿದರು. ಆಮೇಲೆ, ಒಬ್ಬರಾದ ಮೇಲೊಬ್ಬರು, ಅವನತ್ತ ತಿರುಗಿದರು. ಸೌಟಣ್ಣ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. “ಬಸುರಿ ಮೂಗು, ಹಾಗೇನೇ,” ಎಂದ ಪ್ರೀತಿಯಿಂದಲೇ. “ಕೂತ್ಕೋ ತಾಯಿ. ಸಾರ್, ನೀವೇ ಒಂದು ಮಾತು ಹೇಳಿಬಿಡಿ.”

ಅವನು ಎದ್ದ. ಅಂಗಿಯ ಮೇಲೆ ಸೂಪು ಬಟ್ಟಲಿನಷ್ಟಗಲ ಹರಡಿತ್ತು. “ಅವಳು ಹೇಳಿದ್ದು ನಿಜ,” ಎಂದ. “ನನಗೆ ಏನೂ ಗೊತ್ತಾಗಲ್ಲ. ನಾಲ್ಕು ತಿಂಗಳಿಂದ ಸುಮ್ನೆ ಸರಿ ಅಂತಿದ್ದೆ.”

ಯಾರೋ ಕುರ್ಚಿ ಹಿಂದಕ್ಕೆ ತಳ್ಳಿದರು. ಟೀಚರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಸೌಟಣ್ಣ ಮಾತ್ರ ಅಲುಗಲಿಲ್ಲ. ಕೋಪ ಬರಬೇಕಾದ ಮುಖದಲ್ಲಿ ಬೇರೇನೋ ಬಂತು. ದಾರಿ ತಪ್ಪಿದವನಂತೆ ಅಡುಗೆಮನೆಯತ್ತ ಒಮ್ಮೆ, ಅವನತ್ತ ಒಮ್ಮೆ ನೋಡಿದ.

“ನಾಲ್ಕು ತಿಂಗಳಾ ಸಾರ್?” ಎಂದ, ಅವನಿಗಷ್ಟೇ ಕೇಳುವಂತೆ. “ನಂದು ಹೋಗಿ ಎರಡು ವರ್ಷ ಆಯ್ತು. ಸಕ್ಕರೆ ಕಾಯಿಲೆ, ವಯಸ್ಸು, ಏನೋ ಒಂದು ಅಂದ್ರು. ಹೋಟೆಲು ಮುಚ್ಚಿಬಿಡ್ಬೇಕು ಅಂತಿದ್ದೆ. ನೀವಿದ್ದೀರಲ್ಲ ಅಂತ ಧೈರ್ಯ ಮಾಡ್ದೆ. ಕೈಯಳತೇಲಿ ಹಾಕ್ತಿದ್ದೆ, ನಿಮ್ಮ ಮುಖ ನೋಡ್ತಿದ್ದೆ.”

ಹೋಟೆಲಿನಲ್ಲಿ ಗದ್ದಲವೆದ್ದಿತು. ಅಕ್ಕ ಮೇಜಿಂದ ಮೇಜಿಗೆ ಓಡಿ ಜನರ ಕೈಯಿಂದಲೇ ಬಟ್ಟಲುಗಳನ್ನು ಕಸಿದುಕೊಳ್ಳುತ್ತಿದ್ದಳು. ಕಾಲೇಜಿನವರಲ್ಲಿ ಒಬ್ಬಳು ಬಾಗಿಲಿನ ಹೊರಗೆ ಬಗ್ಗಿ ನಿಂತಿದ್ದಳು. ಯಾರೋ ಫೋನಿನಲ್ಲಿ ಆಸ್ಪತ್ರೆಯ ದಾರಿ ಕೇಳುತ್ತಿದ್ದರು. ಇವೆಲ್ಲದರ ನಡುವೆ ಮಗಳು ಮತ್ತೆ ಕೂತಿದ್ದಳು. ಅವಳ ಎರಡೂ ಅಂಗೈ ಮೇಜಿನ ಮೇಲೆ ಚಪ್ಪಟೆಯಾಗಿದ್ದವು. ಗಂಡನಿಗೆ ಫೋನು ಮಾಡಿ, ಗಾಡಿ ತಗೊಂಡು ಬೇಗ ಬನ್ನಿ ಎಂದಷ್ಟೇ ಹೇಳಿದಳು. ಅವನು ನೀರಿನ ಲೋಟ ಮುಂದೆ ತಳ್ಳಿದ. ಅವಳು ಮುಟ್ಟಲಿಲ್ಲ.

“ಡಾಕ್ಟರು ಕೇಳ್ತಾರೆ,” ಎಂದಳು, ಮೇಜನ್ನೇ ನೋಡುತ್ತ. “ಎಷ್ಟು ತಿಂದೆ ಅಂತ. ನೆನಪಾಗ್ತಿಲ್ಲ ನನಗೆ. ಎಷ್ಟು ಚಮಚ ತಿಂದಿರ್ಬಹುದು ನಾನು?”

“ಹನ್ನೊಂದು,” ಎಂದ ಅವನು, ಯೋಚಿಸದೆ.

ಅವಳು ತಲೆ ಎತ್ತಿದಳು.

“ಎಣಿಸ್ತಾ ಕೂತಿದ್ಯಾ, ಅಪ್ಪ?”